ಲಾವಂಚದ ಉಪಯೋಗಗಳೂ ಬದುವಿನ ಮೇಲಿನ ಬೇರನ್ನು ಕೀಳಿಸುವ ಅವಿವೇಕವೂ

(ಬರೆದವರು: ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಏಜಿ.)

ಕಳೆದ ಬೇಸಗೆಯಲ್ಲಿ ಸರ್ಕೀಟಿನ ಮೇಲೆ ಹೋಗಿದ್ದಾಗ ಒಂದು ಗ್ರಾಮದ ಯಜಮಾನರು ನನ್ನನ್ನು ತಮ್ಮ ಜಗುಲಿಯ ಮೇಲೆ ಕುಳ್ಳಿರಿಸಿ, ಅವರ ಮಗನು ಪೇಟೆಯಿಂದ ತಂದಿದ್ದ ಒಂದು ಸಣ್ಣ ಸೀಸೆಯನ್ನು ಕೈಗೆ ಕೊಟ್ಟು, "ಸ್ವಾಮಿ, ಇದು ಲಾವೆಂಡರ್ ಎಣ್ಣೆಯಂತೆ. ದಿಂಬಿಗೆ ಎರಡು ತೊಟ್ಟು ಹಾಕಿದರೆ ಒಳ್ಳೆಯ ನಿದ್ರೆ ಬರುವುದಂತೆ. ಬೆಲೆಯನ್ನು ಕೇಳಿದರೆ ಬಂದ ನಿದ್ರೆಯೂ ಹೋಗುತ್ತದೆ. ನಮ್ಮ ಲಾವಂಚವೂ ಇದೂ ಒಂದೆಯೆ? ಒಂದೇ ಆದರೆ ನಮ್ಮ ಹೊಲದ ಬದುಗಳ ಮೇಲೆಯೂ ಹಳ್ಳದ ದಡದಲ್ಲಿಯೂ ಬೇಕಾದಷ್ಟು ಇದೆ, ಈ ವರ್ಷವೇ ಅಗೆಸಿ ಮಾರಿಬಿಡುತ್ತೇನೆ" ಎಂದು ಕೇಳಿದರು. ಅಷ್ಟರಲ್ಲಿ ನಾನು ಹೊರಡಬೇಕಾಗಿದ್ದ ಬಸ್ಸು ಬಂದುದರಿಂದ ನನ್ನ ಉತ್ತರವು ಅರ್ಧದಲ್ಲಿಯೇ ನಿಂತಿತು. ಇದೇ ಪ್ರಶ್ನೆಯನ್ನು ಆಮೇಲೆ ಇನ್ನೂ ನಾಲ್ಕಾರು ಮಂದಿ ಭೂಮಾಲೀಕರು ಕೇಳಿದ್ದಾರೆ. ಉಳಿದರ್ಧ ಉತ್ತರವನ್ನು ಈ ಪತ್ರಿಕೆಯ ಮೂಲಕ ಹೇಳುವುದು ಉಚಿತವೆಂದು ತೋರಿತು.

ಲಾವೆಂಡರೂ ಲಾವಂಚವೂ ಒಂದಲ್ಲ. ಹೆಸರುಗಳ ಧ್ವನಿಯೊಂದು ಹೋಲುವುದೇ ಹೊರತು ಇವೆರಡಕ್ಕೂ ಯಾವ ನಂಟೂ ಇಲ್ಲ. ಲಾವೆಂಡರ್ ಎಂಬುದು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಒಂದು ಪೊದೆ. ಅದರಲ್ಲಿ ಪರಿಮಳವಿರುವುದು ನೇರಳೆ ಬಣ್ಣದ ಹೂವಿನ ತೆನೆಯಲ್ಲಿ. ಲಾವಂಚವಾದರೋ ಜೋಳ, ಕಬ್ಬುಗಳ ಬಳಗಕ್ಕೆ ಸೇರಿದ ಒಂದು ಹುಲ್ಲು. ಅದರಲ್ಲಿ ಪರಿಮಳವಿರುವುದು ಬೇರಿನಲ್ಲಿ. ಲಾವೆಂಡರಿನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಣ ಬೆಟ್ಟಸೀಮೆ. ಫ್ರಾನ್ಸ್ ದೇಶದ ಪ್ರೊವಾನ್ಸ್ ಪ್ರಾಂತ್ಯದಲ್ಲಿ ಅದರ ಬೇಸಾಯವು ಪ್ರಸಿದ್ಧವಾಗಿದೆ. ಚಳಿಗಾಲದ ಕೊರೆತವೂ ಬೇಸಗೆಯ ಒಣಹವೆಯೂ ನೀರು ನಿಲ್ಲದ ಸುಣ್ಣದ ನೆಲವೂ ಅದಕ್ಕೆ ಬೇಕು. ನಮ್ಮ ದೇಶದಲ್ಲಿ ಜಮ್ಮು ಪ್ರಾಂತ್ಯದ ಭದರ್ವಾಹದ ಇಳಿಜಾರುಗಳಲ್ಲಿ ಸರ್ಕಾರದ ವಿಜ್ಞಾನ ಸಂಸ್ಥೆಯೊಂದರ ಪ್ರೋತ್ಸಾಹದಿಂದ ಅನೇಕ ರೈತರು ಮುಸುಕಿನ ಜೋಳವನ್ನು ಬಿಟ್ಟು ಅದನ್ನು ಬೆಳೆಯತೊಡಗಿದ್ದಾರೆ. ಅಲ್ಲಿಯ ಹವೆ ಅಲ್ಲಿಗೆ ಸರಿ. ನಾಲ್ಕು ತಿಂಗಳು ಮುಂಗಾರು ಸುರಿಯುವ ನಮ್ಮ ಸೀಮೆಯಲ್ಲಿ, ಚಿತ್ರವನ್ನು ನೋಡಿ ಮರುಳಾಗಿ ಲಾವೆಂಡರ್ ಸಸಿಗೆ ಹಣ ಸುರಿಯಬೇಕೆಂದಿರುವವರು ಮೊದಲು ಎರಡು ಕುಂಡಗಳಲ್ಲಿ ಇಟ್ಟು ಒಂದು ಮಳೆಗಾಲವನ್ನು ಕಳೆದು ನೋಡಲಿ ಎಂದಷ್ಟೇ ನನ್ನ ಸಲಹೆ.

ಹೆಸರು ಹೋಲುವುದೆಂದು ಗುಣವೂ ಹೋಲುವುದೆಂದು ತಿಳಿಯಬಾರದು. ಲಾವೆಂಡರಿನ ಎಣ್ಣೆಯಲ್ಲಿರುವ ಮುಖ್ಯ ದ್ರವ್ಯಗಳು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬುವು. ಜರ್ಮನಿಯಲ್ಲಿ ಆ ಎಣ್ಣೆಯಿಂದ ಸಿದ್ಧಪಡಿಸಿದ ಗುಳಿಗೆಯು ಮನಸ್ಸಿನ ಕಳವಳವನ್ನು ತಗ್ಗಿಸುವುದೆಂದು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಲಾವಂಚದ ಎಣ್ಣೆಯ ದ್ರವ್ಯಗಳು ಬೇರೆ, ಅದು ಗಟ್ಟಿಯಾದ, ನಿಧಾನವಾಗಿ ಆರುವ ಎಣ್ಣೆ. ಒಂದರ ಮೇಲೆ ನಡೆದ ಪರೀಕ್ಷೆಯ ಫಲವನ್ನು ಇನ್ನೊಂದರ ಸೀಸೆಯ ಮೇಲೆ ಅಂಟಿಸಿ ಮಾರುವುದು ನ್ಯಾಯವಲ್ಲ. ಆದರೆ ಲಾವಂಚಕ್ಕೆ ಎರವಲು ಕೀರ್ತಿಯ ಅವಶ್ಯಕತೆಯೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಅದರ ಸ್ವಂತ ಉಪಯೋಗಗಳೇ ಸಾಕಷ್ಟಿವೆ.

ಸಂಸ್ಕೃತದಲ್ಲಿ ಉಶೀರವೆಂದೂ ಹಿಂದಿಯಲ್ಲಿ ಖಸ್ ಎಂದೂ ತಮಿಳಿನಲ್ಲಿ ವೆಟ್ಟಿವೇರ್ ಎಂದೂ ನಮ್ಮಲ್ಲಿ ಲಾವಂಚ, ಲಾಮಂಚ, ಮುಡಿವಾಳ ಎಂದೂ ಕರೆಯುವ ಈ ಹುಲ್ಲು ಕೆರೆಯಂಗಳ, ಹಳ್ಳದ ದಡ, ಜೌಗು ಇವುಗಳಲ್ಲಿ ತಾನಾಗಿಯೂ ಬೆಳೆಯುತ್ತದೆ. ಆಳೆತ್ತರದ ದಟ್ಟವಾದ ಬುಡವಾಗಿ ನಿಲ್ಲುತ್ತದೆ. ಇದರ ಬೇರು ಗರಿಕೆಯಂತೆ ಅಡ್ಡಕ್ಕೆ ಹರಿಯದೆ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಸಡಿಲವಾದ ಮಣ್ಣಿನಲ್ಲಿ ಆರರಿಂದ ಹತ್ತು ಅಡಿಗಳವರೆಗೆ ಇಳಿದಿರುವುದುಂಟು. ಉತ್ತರ ಹಿಂದೂಸ್ಥಾನದ ಕಾಡುಜಾತಿಯು ಹೂಬಿಟ್ಟು ಬೀಜ ಉದುರಿಸಿ ಹರಡುತ್ತದೆ. ದಕ್ಷಿಣದಲ್ಲಿ ಸಾಗುವಳಿಯಲ್ಲಿರುವ ಜಾತಿಯು ಬೀಜ ಕಟ್ಟುವುದಿಲ್ಲ. ಬುಡವನ್ನು ಒಡೆದು ತೆಂಡೆಗಳನ್ನು ನೆಟ್ಟರೆ ಮಾತ್ರ ಹೆಚ್ಚುತ್ತದೆ. ಆದಕಾರಣ ಇದು ನೆಟ್ಟಲ್ಲಿಂದ ಹೊಲದೊಳಕ್ಕೆ ನುಗ್ಗಿ ಕಳೆಯಾಗುವುದೆಂಬ ಭಯವಿಲ್ಲ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಮನೆಯಲ್ಲಿ ಇದರ ಮೊದಲ ಉಪಯೋಗವು ಕುಡಿಯುವ ನೀರಿಗೆ. ಹಿಡಿಯಷ್ಟು ಬೇರನ್ನು ತೊಳೆದು, ತೆಳುವಾದ ಬಟ್ಟೆಯಲ್ಲಿ ಗಂಟುಕಟ್ಟಿ ಮಣ್ಣಿನ ಹರವಿಯಲ್ಲಿ ಹಾಕಿಡುವ ವಾಡಿಕೆಯನ್ನು ನಮ್ಮ ಅಜ್ಜಿಯರ ಕಾಲದಿಂದ ನೋಡಿದ್ದೇವೆ. ನೀರಿಗೆ ಮೊದಲ ಮಳೆ ಬಿದ್ದ ನೆಲದಂತಹ ಒಂದು ವಾಸನೆಯೂ ನಾಲಗೆಗೆ ತಂಪೆನಿಸುವ ಒಂದು ರುಚಿಯೂ ಬರುತ್ತದೆ. ಚೈತ್ರ ವೈಶಾಖಗಳಲ್ಲಿ ಹೊಲದಿಂದ ಬಂದ ಆಳುಮಕ್ಕಳು ಇಂತಹ ನೀರನ್ನಾದರೆ ಎರಡು ಲೋಟ ಹೆಚ್ಚಾಗಿಯೇ ಕುಡಿಯುತ್ತಾರೆ. ಬಿಸಿಲಿನಲ್ಲಿ ದುಡಿಯುವ ಶರೀರಕ್ಕೆ ಆ ಎರಡು ಲೋಟ ನೀರೇ ದೊಡ್ಡ ಔಷಧವೆಂದು ನಾನು ಎಣಿಸುತ್ತೇನೆ.

ಆದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆಯು ಬೇರೂರಿದೆ. ಲಾವಂಚವನ್ನು ಹಾಕಿದರೆ ನೀರು ಶುದ್ಧವಾಗುವುದೆಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ಬೇರು ನೀರಿಗೆ ಪರಿಮಳವನ್ನು ಕೊಡುವುದೇ ಹೊರತು, ವಾಂತಿಭೇದಿ, ವಿಷಮಶೀತಜ್ವರಗಳನ್ನು ತರುವ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಕೊಳಕು ನೀರನ್ನು ಮೊದಲು ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಬೇರನ್ನು ಹಾಕತಕ್ಕದ್ದು. ಬೇರಿನ ಗಂಟನ್ನು ಸಹ ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು ಮೇಲು. ಮೂರು ದಿನಕ್ಕೊಮ್ಮೆ ಗಂಟನ್ನು ಹೊರಕ್ಕೆ ತೆಗೆದು ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು. ಲೋಳೆ ಕಟ್ಟಿದ, ಬೂಷ್ಟು ಹಿಡಿದ ಬೇರನ್ನು "ಇನ್ನೂ ವಾಸನೆ ಇದೆ" ಎಂದು ಉಳಿಸಿಕೊಳ್ಳುವುದು ಜಿಪುಣತನವಲ್ಲ, ಅಪಾಯ.

ಇದಕ್ಕಿಂತಲೂ ಮುಖ್ಯವಾದುದು ಬೇರು ಎಲ್ಲಿಂದ ಬಂದಿತೆಂಬ ವಿಚಾರ. ಲಾವಂಚವು ಮಲಿನವಾದ ನೀರಿನಲ್ಲಿಯೂ ಬದುಕಬಲ್ಲುದು; ಆ ನೀರಿನಲ್ಲಿರುವ ಸೀಸವೇ ಮುಂತಾದ ವಿಷಲೋಹಗಳನ್ನು ಹೀರಿ ಬೇರಿನಲ್ಲಿಯೇ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಈ ಗುಣವಿರುವುದರಿಂದಲೇ ಹಲವು ದೇಶಗಳಲ್ಲಿ ಕಾರ್ಖಾನೆಯ ಮತ್ತು ಊರಿನ ಕೊಳಕುನೀರನ್ನು ತಿಳಿಗೊಳಿಸಲು ಇದನ್ನು ನೆಡುತ್ತಾರೆ. ಹೊಲಸನ್ನು ಹೀರಿದ ಆ ಬೇರು ಕುಡಿಯುವ ನೀರಿನ ಹರವಿಗೆ ಬಂದರೆ ಏನಾಗಬಹುದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದ ಚರಂಡಿ ಬಂದು ಸೇರುವ ಕೆರೆಯ ಅಂಚಿನಲ್ಲಿಯೂ ಕಾರ್ಖಾನೆಯ ಕಾಲುವೆಯ ಪಕ್ಕದಲ್ಲಿಯೂ ಬೆಳೆದ ಲಾವಂಚವನ್ನು ನೀರಿಗಾಗಲಿ ಪಾನಕಕ್ಕಾಗಲಿ ಎಂದಿಗೂ ಉಪಯೋಗಿಸಬಾರದು. ಸಂತೆಯಲ್ಲಿ ಕೊಂಡ ಬೇರು ಯಾವ ಹಳ್ಳದ್ದೆಂದು ಮಾರುವವನಿಗೇ ತಿಳಿದಿರುವುದಿಲ್ಲ. ಮನೆಯ ಬೇರನ್ನು ಮನೆಯ ಜಮೀನಿನಲ್ಲಿಯೇ ಬೆಳೆದುಕೊಳ್ಳಬೇಕೆಂದು ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕಾಗಿದೆ.

ಪೇಟೆಯಲ್ಲಿ ಖಸ್ ಶರಬತ್ತೆಂದು ಮಾರುವ ಗಿಳಿಹಸುರಿನ ಪಾನಕದ ವಿಷಯದಲ್ಲಿ ಎರಡು ಮಾತು. ಲಾವಂಚದ ಬೇರನ್ನು ನೆನೆಯಿಟ್ಟ ನೀರು ಹಸುರಾಗುವುದಿಲ್ಲ. ತೆಳುವಾದ ಕಂದುಬಣ್ಣಕ್ಕೆ ಬರುತ್ತದೆ. ಆ ಹಸುರು ಅಂಗಡಿಯ ಬಣ್ಣದ ಪುಡಿಯದು. ಮನೆಯಲ್ಲಿ ಮಾಡುವವರು ಶುದ್ಧವಾದ ಬೇರನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಸೋಸಿದ ನೀರಿಗೆ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕಿ ಕಾಯಿಸಿ, ನಿಂಬೆಹಣ್ಣಿನ ರಸ ಹಿಂಡಿಕೊಂಡರೆ ಅತಿಥಿಗಳಿಗೆ ಕೊಡಲು ಸಂಕೋಚಪಡಬೇಕಾಗಿಲ್ಲ.

ಎರಡನೆಯ ಉಪಯೋಗವು ತಟ್ಟಿ. ಬಿದಿರಿನ ಚೌಕಟ್ಟಿಗೆ ಬೇರನ್ನು ತೆಳ್ಳಗೆ ಹರಡಿ ಹೆಣೆದು, ಗಾಳಿ ಬರುವ ದಿಕ್ಕಿನ ಬಾಗಿಲಿಗೂ ಕಿಟಕಿಗೂ ತೂಗುಹಾಕಿ ನೀರು ಚಿಮುಕಿಸುವುದು. ಅಕ್ಬರ್ ಬಾದಶಹನು ಬಿದಿರಿನ ಗುಡಿಸಲಿಗೆ ಈ ಬೇರಿನ ಹೊದಿಕೆ ಮಾಡಿಸಿ ನೀರು ಹಾಕಿಸುತ್ತಿದ್ದನೆಂದು ಅವನ ಮಂತ್ರಿಯಾದ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಬರೆದಿಟ್ಟಿದ್ದಾನೆ. ಇದರಲ್ಲಿ ಬೇರಿನ ಮಹಿಮೆಗಿಂತ ನೀರಿನ ಮಹಿಮೆಯೇ ಹೆಚ್ಚೆಂಬುದನ್ನು ತಿಳಿಯಬೇಕು. ಒಂದು ಲೀಟರು ನೀರು ಆವಿಯಾಗುವಾಗ ತನ್ನ ಸುತ್ತಣಿಂದ ಹೀರುವ ಶಾಖವು, ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖಕ್ಕೆ ಸುಮಾರಾಗಿ ಸಮನಾದುದು. ನೂಲಿನಂತಹ ಬೇರುಗಳು ನೀರನ್ನು ಹಿಡಿದಿಟ್ಟು, ಗಾಳಿಗೆ ಹೆಚ್ಚು ಮೈಯೊಡ್ಡಿ, ಬೇಗ ಕೊಳೆಯದೆ, ಜೊತೆಗೆ ಪರಿಮಳವನ್ನೂ ಕೊಡುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಗಾಳಿಯು ಒಣಗಿದ್ದರೆ ಮಾತ್ರ ನೀರು ಬೇಗನೆ ಆವಿಯಾಗುವುದು. ರಾಯಚೂರು, ಕಲಬುರಗಿ, ಬಳ್ಳಾರಿಯ ಸೀಮೆಗಳಲ್ಲಿ ಬೇಸಗೆಯ ಮಧ್ಯಾಹ್ನ ಈ ತಟ್ಟಿಯು ಕೊಡುವ ಸುಖವನ್ನು ಮಂಗಳೂರು ಕಾರವಾರಗಳಲ್ಲಿ ನಿರೀಕ್ಷಿಸಬಾರದು. ಅಲ್ಲಿಯ ಗಾಳಿಯು ಮೊದಲೇ ತೇವದಿಂದ ತುಂಬಿರುವುದರಿಂದ ತಟ್ಟಿಗೆ ನೀರು ಹಾಕಿದರೆ ಬೆವರು ಹೆಚ್ಚುವುದೇ ಸರಿ. ಈಗ ಮನೆಮನೆಗೂ ಬಂದಿರುವ ವಿದ್ಯುತ್ತಿನ ಕೂಲರುಗಳೂ ಇದೇ ತತ್ತ್ವದವು. ಅವುಗಳಲ್ಲಿ ಮರದ ಎಳೆಯನ್ನೋ ಕಾಗದದ ಹಲಗೆಯನ್ನೋ ತೆಗೆದು ಲಾವಂಚದ ಹಾಸನ್ನು ಕೂಡಿಸಬಹುದು. ಆದರೆ ಕೂಲರಿನ ತೊಟ್ಟಿಯಲ್ಲಿ ನಿಂತ ತಿಳಿನೀರಿನಲ್ಲಿಯೇ ಡೆಂಗೆಜ್ವರದ ಸೊಳ್ಳೆಯು ಮೊಟ್ಟೆಯಿಡುವುದರಿಂದ, ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ತೊಳೆದು ಒಣಗಿಸದಿದ್ದರೆ ತಂಪಿನ ಜೊತೆಗೆ ಜ್ವರವೂ ಬರುತ್ತದೆ. ಬೇರಿನ ಪರಿಮಳದಿಂದ ಸೊಳ್ಳೆ ಹತ್ತಿರ ಸುಳಿಯುವುದಿಲ್ಲವೆಂದು ಸುಮ್ಮನಿರಬಾರದು.

ಬಟ್ಟೆಯ ಪೆಟ್ಟಿಗೆಯಲ್ಲಿಯೂ ಪುಸ್ತಕದ ಬೀರುವಿನಲ್ಲಿಯೂ ಬೇರಿನ ಕಟ್ಟನ್ನು ಇಟ್ಟರೆ ಮುಗ್ಗುವಾಸನೆಯು ಹೋಗುತ್ತದೆ, ಹುಳುವಿನ ಕಾಟವೂ ತಗ್ಗುತ್ತದೆ. ಲಾವಂಚದ ಎಣ್ಣೆಗೆ ಗೆದ್ದಲನ್ನು ದೂರವಿಡುವ ಗುಣವಿರುವುದನ್ನು ಪ್ರಯೋಗಶಾಲೆಗಳಲ್ಲಿಯೂ ಕಂಡಿದ್ದಾರೆ. ಸೀಗೆಪುಡಿಗೆ ಬೆರೆಸುವುದು, ಕೊಬ್ಬರಿಯೆಣ್ಣೆಗೆ ಹಾಕಿ ಬಿಸಿಲಿಗಿಡುವುದು, ಬೀಸಣಿಗೆ, ಚಾಪೆ, ದೇವರಿಗೆ ಹಾರ, ಇವು ಎಲ್ಲರಿಗೂ ತಿಳಿದವೇ. ಮೇಲಣ ಹುಲ್ಲು ಎಳೆಯದಾಗಿರುವಾಗ ದನಗಳು ಮೇಯುತ್ತವೆ. ಬಲಿತ ಗರಿಯು ಮಾಡಿಗೆ ಹೊದಿಸಲೂ ಗಿಡದ ಬುಡಕ್ಕೆ ಮುಚ್ಚಿಗೆ ಹಾಕಲೂ ಬಹಳ ಒಳ್ಳೆಯದು. ಒಣ ಭತ್ತದ ಹುಲ್ಲಿಗಿಂತ ಇದು ಹೆಚ್ಚು ಕಾಲ ತಾಳುವುದೆಂದು ನನ್ನ ಅನುಭವ.

ಇನ್ನು ಔಷಧದ ಮಾತು. ಚರಕಸಂಹಿತೆಯಲ್ಲಿ ದಾಹವನ್ನು ಶಮನಮಾಡುವ ದ್ರವ್ಯಗಳ ವರ್ಗದಲ್ಲಿ ಉಶೀರವು ಸೇರಿದೆ. ಜ್ವರದಲ್ಲಿ ಬಾಯಾರಿಕೆಗೆ ಕೊಡುವ ಷಡಂಗಪಾನೀಯವೆಂಬ ಕಷಾಯದಲ್ಲಿ ಭದ್ರಮುಷ್ಟಿ, ಪರ್ಪಾಟಕ, ಚಂದನ, ಶುಂಠಿ ಮುಂತಾದವುಗಳ ಜೊತೆಗೆ ಇದೂ ಒಂದು. ಉಶೀರಾಸವವನ್ನು ವೈದ್ಯರು ಈಗಲೂ ಕೊಡುತ್ತಾರೆ. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದಲ್ಲಿ ತಾಪದಿಂದ ಬಳಲಿದ ನಾಯಿಕೆಗಾಗಿ ಸಖಿಯು ಒಯ್ಯುವುದೂ ಉಶೀರದ ಲೇಪವನ್ನೇ. ಇಷ್ಟು ಕಾಲದ ಅನುಭವವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಬೆವರುಸಾಲೆಗೆ ತಣ್ಣನೆಯ ಲೇಪವಾಗಿ, ಬೇಸಗೆಯ ಪಾನೀಯವಾಗಿ ಇದು ಮನೆಮನೆಯಲ್ಲಿ ಇರಲಿ. ಆದರೆ ಇತ್ತೀಚೆಗೆ ಸಂತೆಗಳಲ್ಲಿ ಇದರ ಬೇರಿನಿಂದ ಸಕ್ಕರೆರೋಗವು ನೀಗುವುದು, ಮೂತ್ರಪಿಂಡದ ಕಲ್ಲು ಕರಗುವುದು, ರಕ್ತದ ಒತ್ತಡವು ಇಳಿಯುವುದು ಎಂದು ಸಾರಿ ಪೊಟ್ಟಣ ಮಾರುವವರು ಕಾಣಿಸಿಕೊಂಡಿದ್ದಾರೆ. ಈ ಮಾತುಗಳು ಮನುಷ್ಯರ ಮೇಲೆ ಕ್ರಮವಾಗಿ ನಡೆದ ಪರೀಕ್ಷೆಗಳಿಂದ ಸಿದ್ಧವಾದವಲ್ಲ. ಗ್ರಾಮದ ಹಿರಿಯರು ತಮ್ಮ ಊರಿನಲ್ಲಿ ಯಾರಾದರೂ ಡಾಕ್ಟರು ಕೊಟ್ಟ ಔಷಧವನ್ನು ನಿಲ್ಲಿಸಿ ಬೇರಿನ ನೀರನ್ನು ನೆಚ್ಚಿಕೊಂಡಿರುವುದು ಕಂಡುಬಂದರೆ ತಡಮಾಡದೆ ತಿಳಿಹೇಳಬೇಕು. ಬೇರಿನಿಂದ ಬಟ್ಟಿಯಿಳಿಸಿದ ಎಣ್ಣೆಯು ಬೇರಿನ ನೀರಿಗಿಂತ ಎಷ್ಟೋ ಪಾಲು ತೀಕ್ಷ್ಣವಾದುದು. ಅದನ್ನು ಕುಡಿಯತಕ್ಕದ್ದಲ್ಲ, ಮಕ್ಕಳ ಕೈಗೆ ಸಿಗುವಂತೆ ಇಡತಕ್ಕದ್ದೂ ಅಲ್ಲ.

ಎಣ್ಣೆಯ ಮಾತು ಬಂದುದರಿಂದಲೇ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸುಗಂಧದ್ರವ್ಯಗಳ ತಯಾರಿಕೆಯಲ್ಲಿ ಲಾವಂಚದ ಎಣ್ಣೆಗೆ ಬಹಳ ಬೇಡಿಕೆಯುಂಟು. ಬೇಗ ಹಾರಿಹೋಗುವ ಇತರ ಪರಿಮಳಗಳನ್ನು ಇದು ಹಿಡಿದು ನಿಲ್ಲಿಸುತ್ತದೆ. ಆದರೆ 100 ಕಿಲೋಗ್ರಾಂ ಒಣಬೇರಿನಿಂದ ಒಂದೆರಡು ಕಿಲೋಗ್ರಾಮಿಗಿಂತ ಹೆಚ್ಚಾಗಿ ಎಣ್ಣೆ ಹೊರಡುವುದು ಅಪರೂಪ, ಅದಕ್ಕಾಗಿ ಹಗಲಿರುಳೂ ಭಟ್ಟಿಯನ್ನು ಉರಿಸಬೇಕು. ಆದಕಾರಣ ವ್ಯಾಪಾರಿಗೆ ಬೇಕಾಗುವ ಬೇರಿನ ರಾಶಿಯು ದೊಡ್ಡದು. ಅವನು ಅದನ್ನು ಎಲ್ಲಿ ಹುಡುಕುತ್ತಾನೆ? ನಿಮ್ಮ ಬದುವಿನ ಮೇಲೆ, ನಿಮ್ಮ ಹಳ್ಳದ ದಡದಲ್ಲಿ, ನಿಮ್ಮ ಊರಿನ ಕೆರೆಯ ಕಾಲುವೆಯಲ್ಲಿ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಂಪುಮಣ್ಣಿನ ಇಳಿಜಾರಿನಲ್ಲಿ ಆರು ಎಕರೆ ಹೊಲವಿದ್ದ ಒಬ್ಬ ಮರ್ಯಾದಸ್ಥರ ತಂದೆಯವರು ತಮ್ಮ ಕಾಲದಲ್ಲಿ ಬದುಗಳ ಮೇಲೆ ಲಾವಂಚವನ್ನು ನೆಡಿಸಿದ್ದರು. ಒಂದು ಮಾಘಮಾಸದಲ್ಲಿ ಬೇರಿನ ವ್ಯಾಪಾರಿಯೊಬ್ಬನು ಬಂದು ರೊಕ್ಕವನ್ನು ಎಣಿಸಿ, ಆಳುಗಳನ್ನೂ ತಾನೇ ಕರೆತಂದು, ಎರಡು ಬದುಗಳನ್ನು ಉದ್ದಕ್ಕೂ ಮೂರಡಿ ಅಗೆಸಿ ಬೇರನ್ನು ಕೊಂಡೊಯ್ದನು. ಮಣ್ಣನ್ನು ತಿರುಗಿ ಎಳೆದು ಸಮಮಾಡಿದ್ದರಿಂದ ನೋಡುವುದಕ್ಕೆ ಬದು ಬದುವಾಗಿಯೇ ಇತ್ತು. ಆಷಾಢದಲ್ಲಿ ಒಂದು ರಾತ್ರಿ ಬಿದ್ದ ಮಳೆಗೆ ಮೇಲಿನ ಬದು ಒಡೆಯಿತು. ಆ ನೀರು ಸೇರಿ ಕೆಳಗಿನದೂ ಒಡೆಯಿತು. ಮೊಳೆತಿದ್ದ ರಾಗಿಯು ಹೋದುದಲ್ಲದೆ, ಕೆಳಗಣ ನೆರೆಯವನ ಗದ್ದೆಗೆ ಮರಳು ಬಿದ್ದು ನ್ಯಾಯವು ಪಂಚಾಯಿತಿಗೆ ಬಂದಿತು. ಬದುವನ್ನು ಮತ್ತೆ ಹಾಕಿಸಲು ಕೊಟ್ಟ ಕೂಲಿಯ ಅರ್ಧಕ್ಕೂ ಬೇರಿನ ಹಣವು ಸಾಲಲಿಲ್ಲ. ಹೋದ ಮೇಲುಮಣ್ಣಿಗೆ ಬೆಲೆ ಕಟ್ಟುವವರು ಯಾರು? ಅದಕ್ಕೆ ಹಿಂದಿನ ವರ್ಷ ನಾನು ಆ ಹೊಲವನ್ನು ನೋಡಿದ್ದೆ. ಹುಲ್ಲು ದಟ್ಟವಾಗಿದೆ, ಕತ್ತರಿಸಿ ಎಂದು ಹೇಳಿದ್ದೆನೇ ಹೊರತು, ಇದನ್ನು ಅಗೆಸಬೇಡಿ ಎಂದು ಒಂದು ಮಾತು ಹೇಳಲು ನನಗೆ ತೋಚಲಿಲ್ಲ. ಆ ತಪ್ಪು ನನ್ನದು.

ನೆಲದ ಮೇಲೆ ಸಾಲಾಗಿ ಒತ್ತೊತ್ತಾಗಿ ನಿಂತ ಲಾವಂಚವು ಮಳೆನೀರನ್ನು ಕಟ್ಟೆಯಂತೆ ತಡೆದು ನಿಲ್ಲಿಸುವುದಿಲ್ಲ; ಅದರ ವೇಗವನ್ನು ಮುರಿದು, ಅಗಲಕ್ಕೆ ಹರಡಿ, ಸೋಸಿ ಬಿಡುತ್ತದೆ. ನೀರು ಹೊತ್ತುತಂದ ಗೋಡು ಹುಲ್ಲಿನ ಹಿಂದೆ ಉಳಿಯುತ್ತದೆ. ಗೋಡು ಏರಿದಂತೆ ಹುಲ್ಲೂ ಏರಿ ಹೊಸ ಬೇರು ಬಿಡುತ್ತದೆ. ಕೆಲವು ವರ್ಷಗಳಲ್ಲಿ ಇಳಿಜಾರು ತಾನಾಗಿಯೇ ಮೆಟ್ಟಿಲಾಗುತ್ತದೆ. ಬೇರು ನೇರವಾಗಿ ಕೆಳಕ್ಕಿಳಿಯುವುದರಿಂದ ಪಕ್ಕದ ಸಾಲಿನ ಪೈರಿಗೆ ಕೊರತೆ ಅಷ್ಟಾಗಿ ತಗಲುವುದಿಲ್ಲ. ಈ ವಿದ್ಯೆಯನ್ನು ಯಾರೂ ನಮಗೆ ಹೊರಗಿನಿಂದ ತಂದುಕೊಟ್ಟುದಲ್ಲ. ಮೈಸೂರಿನ ದಕ್ಷಿಣಕ್ಕಿರುವ ಗುಂಡ್ಲುಪೇಟೆಯ ಕಡೆಯ ರೈತರು ಬಹು ತಲೆಮಾರುಗಳಿಂದ ತಮ್ಮ ಹೊಲಗಳ ಎಲ್ಲೆಗೆ ಲಾವಂಚದ ಬೇಲಿಯನ್ನಿಟ್ಟು, ಎರಡು ಪಕ್ಕವೂ ಉತ್ತು ಅದನ್ನು ಕಿರಿದಾಗಿ ಉಳಿಸಿಕೊಂಡು, ಮೇಲಣ ಹುಲ್ಲನ್ನು ದನಗಳಿಗೆ ಕೊಯ್ಯುತ್ತ ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಷಾ ಎಂಬ ವ್ಯವಸಾಯತಜ್ಞರು ಹಿಂದೂಸ್ಥಾನದಲ್ಲಿ ಕೆಲಸಮಾಡುತ್ತ ಈ ಹುಲ್ಲಿನ ಬೇಲಿಯನ್ನು ಪ್ರಚಾರಕ್ಕೆ ತಂದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಇದರ ಮೇಲೆಯೇ ಒಂದು ಗ್ರಂಥವನ್ನು ಹೊರಡಿಸಿತು. ಇಂದು ಎಷ್ಟೋ ದೇಶಗಳಲ್ಲಿ ರಸ್ತೆಯ ಇಳಿಜಾರುಗಳಿಗೂ ಕಾಲುವೆಯ ಏರಿಗಳಿಗೂ ಇದನ್ನು ನೆಡುತ್ತಾರೆ. ನಾವಾದರೋ ನೆಟ್ಟುದನ್ನು ಕಿತ್ತು ಮಾರುತ್ತಿದ್ದೇವೆ.

ಇದಕ್ಕೆ ಎದುರು ಉದಾಹರಣೆಯಾಗಿ ಹೈಟಿ ದೇಶವನ್ನು ನೋಡಬಹುದು. ಲೋಕದಲ್ಲಿ ಲಾವಂಚದ ಎಣ್ಣೆಯನ್ನು ಅತಿ ಹೆಚ್ಚಾಗಿ ಒದಗಿಸುವ ನಾಡುಗಳಲ್ಲಿ ಅದು ಮುಂದಾಳು. ಅಲ್ಲಿಯ ನೈಋತ್ಯ ಭಾಗದ ಬಡರೈತರು ಗುಡ್ಡದ ಇಳಿಜಾರಿನಲ್ಲಿಯೇ ಇದನ್ನು ಬೆಳೆದು, ಇಳಿಜಾರಿನಲ್ಲಿಯೇ ಅಗೆಯುತ್ತಾರೆ. ಮಣ್ಣನ್ನು ಹಿಡಿಯುವುದರಲ್ಲಿ ಎಣೆಯಿಲ್ಲದ ಈ ಹುಲ್ಲು ಅಲ್ಲಿ ಬೇರು ಕೀಳುವ ಗುದ್ದಲಿಯ ದೆಸೆಯಿಂದ ಮಣ್ಣು ಕೊಚ್ಚಿಹೋಗಲು ಕಾರಣವಾಗಿದೆ.

ಹಾಗಾದರೆ ಬೇರನ್ನು ಮಾರಲೇಬಾರದೆ ಎಂದು ಕೇಳಬಹುದು. ಮಾರಬಹುದು, ಆದರೆ ಬದುವಿನ ಹುಲ್ಲು ಬೇರೆ, ಬೆಳೆಯ ಹುಲ್ಲು ಬೇರೆ ಎಂದು ಗೆರೆ ಹಾಕಿಕೊಳ್ಳಬೇಕು. ಬದುವಿನದನ್ನು ವರ್ಷಕ್ಕೆ ಎರಡು ಮೂರು ಸಾರಿ ಒಂದೂವರೆ ಅಡಿಯ ಎತ್ತರಕ್ಕೆ ಕೊಯ್ಯುವುದಷ್ಟೇ ಹೊರತು ಅದರ ಬುಡಕ್ಕೆ ಗುದ್ದಲಿ ತಾಗಿಸಬಾರದು. ಬೇರಿಗಾಗಿ ಬೆಳೆಯುವುದನ್ನು ಸಮತಟ್ಟಾದ, ನೀರು ಬಸಿಯುವ ಮರಳುಮಿಶ್ರಿತ ನೆಲದಲ್ಲಿ ಬೇರೆಯಾಗಿ ಬೆಳೆಯಬೇಕು. ಈ ವಿಷಯದಲ್ಲಿ ನನಗೆ ತಕ್ಕ ಶಿಕ್ಷೆಯಾಗಿದೆ. ಹಲವು ವರ್ಷಗಳ ಹಿಂದೆ ಒಂದು ಪ್ರದರ್ಶನದ ತಾಕಿನಲ್ಲಿ, ಜೌಗಿನಲ್ಲಿ ಬೆಳೆಯುವ ಹುಲ್ಲು ತಾನೆ ಎಂದು ಎರೆಮಣ್ಣಿನಲ್ಲಿ ನೆಡಿಸಿದೆ. ಹುಲ್ಲೇನೋ ಸೊಗಸಾಗಿ ಬಂದಿತು. ಅಗೆಯುವ ದಿನ ಹಾರೆಗೂ ಜಗ್ಗದ ಹೆಂಟೆಗಳೊಳಗೆ ಬೇರು ತುಂಡುತುಂಡಾಗಿ, ನೋಡಲು ನೆರೆದಿದ್ದ ರೈತರು ನನ್ನ ಮುಖವನ್ನೂ ಆಳುಗಳ ಬೆವರನ್ನೂ ನೋಡಿ ನಕ್ಕರು. ಅಗೆಯುವ ಕೂಲಿಯೇ ಈ ಬೆಳೆಯ ದೊಡ್ಡ ಖರ್ಚೆಂಬುದನ್ನು ಅಂದು ಕಲಿತೆ.

ಮನೆಯ ಬಳಕೆಗೆ ಅರ್ಧ ಗುಂಟೆಯೂ ಬೇಡ. ಒಂದು ಗುಂಟೆಯೆಂದರೆ 1,089 ಚದರಡಿ. ಸಾಲಿಗೆ ಸಾಲು ಎರಡಡಿ, ಬುಡಕ್ಕೆ ಬುಡ ಒಂದಡಿಯಂತೆ ನೆಟ್ಟರೆ ಅದರಲ್ಲಿ 540ರಷ್ಟು ಬುಡಗಳು ಹಿಡಿಯುತ್ತವೆ. ಅಷ್ಟು ಬೇರು ಒಂದು ಮನೆಗಲ್ಲ, ಒಂದು ಬೀದಿಗೆ ಸಾಕು. ಜಾಗವಿಲ್ಲದವರು ಹಳೆಯ ಗೋಣಿಚೀಲಗಳಲ್ಲಿ ಮರಳು, ಕೆಂಪುಮಣ್ಣು, ಕೊಟ್ಟಿಗೆಗೊಬ್ಬರಗಳನ್ನು ತುಂಬಿ, ಬಚ್ಚಲಿನ ನೀರು ತಾಗದ ಕಡೆ ನೆಡಬಹುದು. ಬೇರು ಬೇಕಾದಾಗ ಚೀಲವನ್ನು ಹರಿದು ಮಣ್ಣನ್ನು ತೊಳೆದರೆ ತೀರಿತು. ಅಗೆಯುವ ಕಷ್ಟವೇ ಇಲ್ಲ. ಮುಂಗಾರಿನಲ್ಲಿ ನೆಟ್ಟುದನ್ನು ಹದಿನೈದು ಹದಿನೆಂಟು ತಿಂಗಳಾದ ಮೇಲೆ, ನೆಲವು ಇನ್ನೂ ಪೂರ್ತಿ ಗಟ್ಟಿಯಾಗದ ಮಾರ್ಗಶಿರದ ಸುಮಾರಿನಲ್ಲಿ ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಅದಕ್ಕೆ ಮೊದಲೇ ತೆಗೆದ ಬೇರಿನಲ್ಲಿ ಹಸಿವಾಸನೆ ಹೆಚ್ಚು. ವ್ಯಾಪಾರಕ್ಕಾಗಿ ಎಕರೆಗಟ್ಟಲೆ ಹಾಕುವ ಮನಸ್ಸುಳ್ಳವರು ಕೊಳ್ಳುವವನು ಯಾರು, ಭಟ್ಟಿ ಎಷ್ಟು ದೂರ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ನೆಲಕ್ಕೆ ಇಳಿಯಬೇಕು. ಧಾರಿಣಿ, ಗುಲಾಬಿ, ಕೇಸರಿ ಮುಂತಾದ ತಳಿಗಳನ್ನು ಬಿಡುಗಡೆಮಾಡಿರುವ ಲಖನೌದ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಒಂದು ಸಂಶೋಧನಾ ಕೇಂದ್ರವುಂಟು. ಅಲ್ಲಿ ವಿಚಾರಿಸದೆ ದಾರಿಹೋಕನ ಮಾತಿಗೆ ತೆಂಡೆಯನ್ನು ಕೊಳ್ಳಬಾರದು.

ಗ್ರಾಮದ ಮುಖಂಡರಲ್ಲಿ ನನ್ನದೊಂದು ವಿಶೇಷ ವಿಜ್ಞಾಪನೆ. ಹೊಲದ ಬದು ಒಬ್ಬರದು. ಅದನ್ನು ಕೆಡಿಸಿಕೊಂಡರೆ ನಷ್ಟವು ಮೊದಲು ಅವರದೇ. ಕೆರೆಯ ಏರಿ, ಕೋಡಿ, ಹಳ್ಳದ ದಡ ಇವು ಯಾರೊಬ್ಬರ ಸ್ವತ್ತೂ ಅಲ್ಲದಿರುವುದರಿಂದಲೇ ಅಲ್ಲಿಯ ಬೇರಿಗೆ ಕೇಳುವವರಿಲ್ಲ. ರಾತ್ರಿಯಲ್ಲಿ ಚೀಲಗಟ್ಟಲೆ ಅಗೆದು ಸಾಗಿಸುವವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿನ ಬಡವರು. ಅವರನ್ನು ಹಿಡಿದು ಬೈದು ಕಳುಹಿಸುವುದರಿಂದ ಏರಿಯು ಉಳಿಯುವುದಿಲ್ಲ. ಊರೊಟ್ಟಿನ ಮರಳುನೆಲದಲ್ಲಿ ಹತ್ತಾರು ಗುಂಟೆಯನ್ನು ಬೇರಿಗಾಗಿಯೇ ಬಿಟ್ಟು, ಅಗೆಯುವ ಕೆಲಸವನ್ನೂ ತಟ್ಟಿ, ಬೀಸಣಿಗೆ ಹೆಣೆಯುವ ಕೆಲಸವನ್ನೂ ಅದೇ ಕುಟುಂಬಗಳಿಗೆ ಕೊಟ್ಟು, ಏರಿಯನ್ನು ಮುಟ್ಟಬಾರದೆಂದು ಪಂಚಾಯಿತಿಯಲ್ಲಿ ನಿರ್ಣಯ ಮಾಡಿದರೆ ನಡೆದೀತು. ಗ್ರಾಮದ ಹಿರಿಯರ ಬಾಯಿಂದ ಬಂದ ಒಂದು ಮಾತಿಗೆ ನನ್ನ ಹತ್ತು ಉಪನ್ಯಾಸಗಳ ತೂಕವಿಲ್ಲವೆಂಬುದನ್ನು ನಾನು ಬಲ್ಲೆ.

ಬದುವಿಗೆ ನೆಡಬೇಕೆಂದಿರುವವರು ಈಗಲೇ ಒಳ್ಳೆಯ ಬುಡಗಳನ್ನು ಗುರುತಿಟ್ಟುಕೊಳ್ಳಲಿ. ಬೀಜ ಬಿಡದ ಜಾತಿಯೇ ಆಗಿರಲಿ. ಒಂದು ವರ್ಷ ಬೆಳೆದ ಪುಷ್ಟಿಯಾದ ಬುಡವೊಂದರಿಂದ 20-30 ತೆಂಡೆಗಳನ್ನು ಬಿಡಿಸಬಹುದು. 100 ಅಡಿ ಬದುವಿಗೆ ಆರು ಅಂಗುಲಕ್ಕೊಂದರಂತೆ 200 ತೆಂಡೆಗಳು ಬೇಕು. ಮುಂಗಾರು ಹದವಾಗಿ ನೆಲ ನೆನೆದ ಮೇಲೆ, ಗರಿಯನ್ನು ಗೇಣುದ್ದಕ್ಕೂ ಬೇರನ್ನು ನಾಲ್ಕು ಅಂಗುಲಕ್ಕೂ ಕತ್ತರಿಸಿ, ಸಮಮಟ್ಟದ ಗೆರೆಯ ಮೇಲೆ ಎರಡೆರಡು ತೆಂಡೆಗಳನ್ನು ಜೋಡಿಸಿ ನೆಟ್ಟು ಬುಡವನ್ನು ತುಳಿಯಬೇಕು. ಹಾಗೆ ಜೋಡಿಯಾಗಿ ನೆಡುವವರು 400 ತೆಂಡೆಗಳನ್ನು ಎಣಿಸಿಕೊಳ್ಳಲಿ. ಮಧ್ಯೆ ಸತ್ತ ಕಡೆ ಅದೇ ಮಳೆಗಾಲದಲ್ಲಿ ಮರುನಾಟಿ ಮಾಡದಿದ್ದರೆ ನೀರು ಆ ಸಂದಿನಲ್ಲಿಯೇ ಕೊರಕಲು ಮಾಡುವುದು. ಮೊದಲ ಎರಡು ವರ್ಷ ದನಗಳನ್ನು ಬಿಡಬಾರದು.